ಕೇಳಿದವಳನ್ನು ಮರೆತ ವಾದ

ಹೆಬ್ಬಾಳದ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೋಟಾರು, ಪ್ಯಾನೆಲ್ಲು, ಕೇಬಲ್ಲುಗಳ ನಡುವೆ ಬದುಕಿದವಳಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಸ್ವಿಚ್ ಬೋರ್ಡಿನ ಕಡೆಗೆ. ನೆಂಟರು ಕಾಫಿ ಕೊಡುವಷ್ಟರಲ್ಲಿ ನಾನು ಅವರ ಗೀಸರಿನ ವೈರು ಸಣ್ಣದಾಯಿತು ಎಂದು ಹೇಳಿಬಿಟ್ಟಿರುತ್ತೇನೆ. ಇಂಥವಳಿಗೆ ಫೋನಿನಲ್ಲಿ ಮನೆ ವೈರಿಂಗಿನ ಗ್ರೂಪೊಂದು ಸಿಕ್ಕಿದ್ದು ಜೇನುಗೂಡು ಸಿಕ್ಕಿದ ಹಾಗಾಯಿತು. ಜನ ಪ್ರಶ್ನೆ ಕೇಳುತ್ತಿದ್ದರು, ಗೊತ್ತಿದ್ದವರು ಹೇಳುತ್ತಿದ್ದರು. ಕೆಲವೇ ತಿಂಗಳಲ್ಲಿ 'ಮೇಡಂ ಬರಲಿ, ಅವರು ಹೇಳ್ತಾರೆ' ಎನ್ನುವವರು ಹುಟ್ಟಿಕೊಂಡರು. ಆ ಮಾತು ನನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ಗುರುವಾರ ಮಧ್ಯಾಹ್ನ, ಮೊದಲ ಪಾಳಿ ಮುಗಿಸಿ ಬಸ್ಸಿನಲ್ಲಿ ಸರಸ್ವತಿಪುರಂ ಕಡೆಗೆ ಬರುತ್ತಿದ್ದಾಗ ಆ ಪ್ರಶ್ನೆ ನೋಡಿದೆ. ಮಂಡಕಳ್ಳಿಯ ಹೆಂಗಸೊಬ್ಬಳು ಕೇಳಿದ್ದಳು: 'ವಾಷಿಂಗ್ ಮಿಷನ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಬರಿಗಾಲಲ್ಲಿದ್ರೆ ಜಾಸ್ತಿ. ಏನು ಮಾಡ್ಬೇಕು?' ಜೊತೆಗೊಂದು ಫೋಟೋ. ಮನೆಯ ಪಕ್ಕದ ಓಣಿಯಲ್ಲಿ ಮಿಷನ್ ಇತ್ತು. ಅದರ ಹಿಂದಿನ ಗೋಡೆಯಾಚೆ ಹಿಟ್ಟಿನ ಗಿರಣಿಯ ಬೋರ್ಡು ಅರ್ಧ ಕಾಣುತ್ತಿತ್ತು.

ನಾನು ನೋಡುವ ಹೊತ್ತಿಗೆ ಒಬ್ಬರು ಉತ್ತರ ಕೊಟ್ಟಾಗಿತ್ತು. ಅವರು ಗ್ರೂಪಿನ ಹಿರಿಯರು, ಒಂದು ಕಾಲದಲ್ಲಿ ವೈರಿಂಗ್ ಕಂಟ್ರಾಕ್ಟರ್ ಆಗಿದ್ದವರು. 'ಸಾಕೆಟ್ ಬಿಚ್ಚಿ. ಅರ್ತ್ ಪಿನ್ನಿಂದ ನ್ಯೂಟ್ರಲ್‌ಗೆ ಒಂದು ತುಂಡು ವೈರ್ ಹಾಕಿ. ಜುಮ್ ನಿಂತುಹೋಗುತ್ತೆ. ನಮ್ಮನೇಲಿ ಮೂವತ್ತು ವರ್ಷದಿಂದ ಹಾಗೇ ಇದೆ.'

ಓದಿದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಯಾಕೆಂದು ಹೇಳಬೇಕು. ಮನೆಗೆ ಕಂಬದಿಂದ ಎರಡು ತಂತಿ ಬರುತ್ತವೆ. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ವಾಪಸ್ಸು ಹೋಗುವ ತಂತಿಯೇ ನ್ಯೂಟ್ರಲ್. ಅರ್ತ್ ಎಂದರೆ ಬೇರೆಯೇ. ಅದು ಮನೆಯ ಪಕ್ಕದ ಮಣ್ಣಿಗೆ ಇಳಿಯುವ, ನಮ್ಮನ್ನು ಕಾಯುವ ತಂತಿ. ಸಾಕೆಟ್ಟಿನೊಳಗೆ ಇವೆರಡನ್ನೂ ಗಂಟು ಹಾಕಿದರೆ ಜುಮ್ ಎನ್ನುವುದು ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ಕಂಬದ ಮೇಲೆ ನ್ಯೂಟ್ರಲ್ ಕಿತ್ತುಹೋಯಿತು ಅನ್ನಿ. ವಾಪಸ್ಸು ಹೋಗಲು ದಾರಿಯಿಲ್ಲದ ಕರೆಂಟು ಆ ತುಂಡು ವೈರಿನ ಮೂಲಕ ಮಿಷನ್ನಿನ ಮೈಮೇಲೆ ಬಂದು ಕೂರುತ್ತದೆ. ಮುಟ್ಟುವವರಿಗಾಗಿ ಕಾಯುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಹಿಂದೊಮ್ಮೆ ಫಿಟ್ಟರೊಬ್ಬರು ಹೀಗೇ ಪಂಪೊಂದಕ್ಕೆ ಅಂಟಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಬದುಕಿದರು. ಆದರೆ ಆ ಕೈಯಲ್ಲಿ ಇವತ್ತಿಗೂ ತುತ್ತು ಹಿಡಿಯಲಾಗುವುದಿಲ್ಲ.

ಬಸ್ಸಿನಲ್ಲೇ ನಿಂತು ಬರೆದೆ: 'ಇದು ಅಪಾಯ. ಯಾರೂ ಹೀಗೆ ಮಾಡಬೇಡಿ.' ಹಿರಿಯರು ಬರೆದರು: 'ಮೂವತ್ತು ವರ್ಷ ಏನೂ ಆಗಿಲ್ಲ ಮೇಡಂ.' ನಾನು ನಿಯಮ ಹೇಳಿದೆ. ಅವರು, 'ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ' ಎಂದರು. ನಾನು ಚಿತ್ರ ಬರೆದು ಹಾಕಿದೆ. ಅವರು ತಮ್ಮ ಮನೆಯ ಸಾಕೆಟ್ಟಿನ ಫೋಟೋ ಹಾಕಿದರು. ಹೀಗೆ ಶುರುವಾಯಿತು.

ಹನ್ನೊಂದು ದಿನ ನಡೆಯಿತು. ಮೊದಲ ಎರಡು ದಿನ ಹೊಸ ಮಾತುಗಳಿದ್ದವು. ಆಮೇಲೆ ಗಾಣದ ಎತ್ತಿನ ಸುತ್ತು. ಅವರು ಮೂವತ್ತು ವರ್ಷ ಎನ್ನುವುದು, ನಾನು ಕಿತ್ತುಹೋದ ನ್ಯೂಟ್ರಲ್ ಎನ್ನುವುದು. ಅವರು 'ಎಲ್ಲಿ ಕಿತ್ತುಹೋಗಿದೆ ತೋರಿಸಿ' ಎನ್ನುವುದು, ನಾನು 'ಕಿತ್ತುಹೋದ ಮೇಲೆ ತೋರಿಸಲು ಯಾರೂ ಇರುವುದಿಲ್ಲ' ಎನ್ನುವುದು. ಆ ಮಾತನ್ನು ಎಷ್ಟು ಜನ ಮೆಚ್ಚಿದರೆಂದು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೆ. ಕೆಲವರು ನನ್ನ ಕಡೆ ನಿಂತರು, ಕೆಲವರು ಅವರ ಕಡೆ. ಮೂರನೆಯ ದಿನದ ಹೊತ್ತಿಗೆ ನನ್ನ ಉತ್ತರಗಳನ್ನೆಲ್ಲ ಫೋನಿನ ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಅವರು ಇಂಥದ್ದು ಹೇಳಿದರೆ ಇದು, ಅಂಥದ್ದು ಹೇಳಿದರೆ ಅದು. ತೆಗೆದು ಅಂಟಿಸಿದರೆ ಆಯಿತು. ಅವರೂ ಹಾಗೇ ಮಾಡುತ್ತಿದ್ದರೆಂದು ಕಾಣುತ್ತದೆ. ಒಂದು ತಪ್ಪಕ್ಷರ ನಾಲ್ಕು ಸಲ ಅದೇ ಜಾಗದಲ್ಲಿ ಬಂದಿತ್ತು. ಅದನ್ನೂ ಎತ್ತಿ ಆಡಿದೆ.

ಮನೆಯಲ್ಲಿ ನಾನು ಯಾರಿಗೂ ಸಿಗದವಳಾಗಿದ್ದೆ. ಊಟ ಮಾಡುತ್ತಿದ್ದರೂ ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ. ಫೋನು ಮಿಡಿದರೆ ಎದೆ ಮಿಡಿಯುತ್ತಿತ್ತು. ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಗಂಡ ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಸುಮ್ಮನಾದರು.

ಹನ್ನೊಂದನೆಯ ದಿನ ಭಾನುವಾರ. ಹಿಂದಿನ ಸಂಜೆ ಜೋರು ಗಾಳಿ ಮಳೆಯಾಗಿ ನಮ್ಮ ಬೀದಿಯಲ್ಲಿ ಎರಡು ಕೊಂಬೆ ಬಿದ್ದಿದ್ದವು. ಊಟ ಮುಗಿಸಿ ನಾನು ಮತ್ತೊಂದು ಉತ್ತರ ಬರೆಯುತ್ತ ಕೂತಿದ್ದೆ. ಗಂಡ ಎದುರಿನ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಅಲ್ಲ ಕಣೇ, ಆ ಹೆಂಗಸು ಕೊನೆಗೆ ಏನು ಮಾಡಿದ್ರು?"

"ಯಾವ ಹೆಂಗಸು?"

ಕೇಳಿದ ಮೇಲೆ ನನಗೇ ಕೇಳಿಸಿತು, ನಾನು ಏನು ಕೇಳಿದೆನೆಂದು.

ನಾನು ಫೋನಿನಲ್ಲಿ ಮೇಲಕ್ಕೆ ಹೋಗತೊಡಗಿದೆ. ಬೆರಳು ನೋಯುವಷ್ಟು ಹೊತ್ತು ಬೇಕಾಯಿತು. ನನ್ನ ಚಿತ್ರಗಳು, ಅವರ ಫೋಟೋಗಳು, ಮಂದಿಯ ನಗು, ಚಪ್ಪಾಳೆ, ಮತ್ತೆ ನಾನು, ಮತ್ತೆ ಅವರು. ಕೊನೆಗೆ ಎರಡನೆಯ ದಿನ ಸಿಕ್ಕಿತು. ಅಲ್ಲಿ ಆಕೆ ಬರೆದಿದ್ದಳು: 'ಹಾಗಾದ್ರೆ ನಾನು ಏನು ಮಾಡ್ಬೇಕು?' ಅದರ ಮೇಲೆ ನನ್ನದೊಂದು ಉದ್ದನೆಯ ಬರಹ, ಕೆಳಗೆ ಹಿರಿಯರದ್ದೊಂದು ನಗುವ ಮುಖ. ಯಾರೂ ಉತ್ತರಿಸಿರಲಿಲ್ಲ. ನಾಲ್ಕನೆಯ ದಿನ ಮತ್ತೆ ಬರೆದಿದ್ದಳು: 'ನಮ್ಮೆಜಮಾನ್ರು ಆ ವೈರ್ ಹಾಕ್ಬುಡ್ತೀನಿ ಅಂತಾವ್ರೆ. ಹಾಕ್ಬೋದಾ?' ಅದಾಗಿ ಎರಡು ನಿಮಿಷಕ್ಕೆ ನಾನೇ ಬರೆದಿದ್ದೆ. ಆಕೆಗಲ್ಲ. ಹಿರಿಯರ ತಪ್ಪಕ್ಷರದ ಬಗ್ಗೆ.

ಐದನೆಯ ದಿನ ಆಕೆ ಗ್ರೂಪು ಬಿಟ್ಟಿದ್ದಳು.

ಆಕೆಯ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಹಿಂದಿನ ಸಂಜೆಯ ಗಾಳಿ ನೆನಪಾಯಿತು. ಗಾಳಿಗೆ ಮೊದಲು ಸಡಿಲವಾಗುವುದು ಕಂಬದ ಮೇಲಿನ ಜೋಡಣೆಗಳು.

"ಮಂಡಕಳ್ಳಿಗೆ ಹೋಗ್ಬೇಕು ರೀ," ಎಂದೆ. "ಈಗಲೇ."

"ಮನೆ ಗೊತ್ತಾ?"

"ಹಿಟ್ಟಿನ ಗಿರಣಿ ಪಕ್ಕ."

ಅವರು ಇನ್ನೇನೂ ಕೇಳದೆ ಸ್ಕೂಟರಿನ ಕೀ ತೆಗೆದುಕೊಂಡರು. ನಾನು ಮೀಟರು, ಟೆಸ್ಟರು, ಸ್ಕ್ರೂಡ್ರೈವರುಗಳ ಚೀಲ ಹೆಗಲಿಗೆ ಹಾಕಿಕೊಂಡೆ. ನಂಜನಗೂಡು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಫೋನು ಮಿಡಿಯಿತು. ಆಕೆಯದ್ದಿರಬಹುದೆಂದು ತೆಗೆದರೆ ಹಿರಿಯರು. 'ಏನು ಮೇಡಂ, ಬೆಳಗಿಂದ ಸದ್ದಿಲ್ಲ. ಸೋಲೊಪ್ಪಿಕೊಂಡ್ರಾ?' ಬೆರಳು ತಾನಾಗಿಯೇ ಉತ್ತರದ ಜಾಗಕ್ಕೆ ಹೋಯಿತು. ಅಷ್ಟು ಗಾಬರಿಯಲ್ಲೂ ಹೋಯಿತು. ಸಿಗ್ನಲ್ ಬಿಟ್ಟದ್ದರಿಂದ ಉತ್ತರಿಸದೆ ಉಳಿದೆ, ವಿವೇಕದಿಂದಲ್ಲ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು. ಅದರ ಪಕ್ಕದ ಮನೆಯ ಜಗಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಒತ್ತಿಕೊಳ್ಳುತ್ತ ಕೂತಿದ್ದರು. ಒಳಗಿನಿಂದ ಮೂವತ್ತೈದರ ಆಸುಪಾಸಿನ ಹೆಂಗಸು ಬಂದಳು. ನಾನು ಗ್ರೂಪಿನವಳೆಂದು ಹೇಳಿದೆ. ಆಕೆಗೆ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಆಕೆಯೇ ಪ್ರಶ್ನೆ ಕೇಳಿದವಳು.

"ಫೋನ್ ಯಾಕೆ ಆಫ್ ಮಾಡಿದ್ರಿ?"

"ಚಾರ್ಜಿಲ್ಲ ಮೇಡಂ. ನೆನ್ನೆ ಸಂಜೆಯಿಂದ ಕರೆಂಟೇ ಇಲ್ಲ. ಬನ್ನಿ, ಕೂತ್ಕಳಿ."

ಗಂಡ ಜಗಲಿಯ ಮೇಲೆ ಕೂತರು. ನಾನು ಅಜ್ಜಿಯ ಕೈ ನೋಡಿ, "ಏನಾಯ್ತಜ್ಜಿ?" ಎಂದೆ.

"ಅದೇನೋ ಕಣವ್ವ, ಬೆಳಿಗ್ಗೆ ಬಟ್ಟೆ ತೆಗೆಯಕ್ಕೆ ಹೋಗಿದ್ನಾ, ಕೈ ಜಾಡಿಸ್ಬುಡ್ತು. ಜೋಮು ಹಿಡಿದಂಗೆ ಆಗದೆ. ನರದ ತೊಂದ್ರೆ ಇರ್ಬೇಕು."

"ನಾಳೆ ಡಾಕ್ಟ್ರತ್ರ ಕರ್ಕಂಡೋಗ್ಬೇಕು ನಮ್ಮತ್ತೇನ," ಎಂದಳು ಸೊಸೆ.

ಆಗಲೇ ಪಕ್ಕದ ಮನೆಯಿಂದ ಟೀವಿಯ ಸದ್ದು ನನ್ನ ಕಿವಿಗೆ ಬಿತ್ತು. ಯಾವುದೋ ಜಾಹೀರಾತಿನ ಹಾಡು.

"ಅವರ ಮನೇಲಿ ಕರೆಂಟಿದೆಯಾ?"

"ಅವ್ರಿಗೈತೆ. ನಮಗೊಂದೇ ಇಲ್ಲ. ಲೈನ್‌ಮನ್‌ಗೆ ಹೇಳಿದೀವಿ, ಬತ್ತೀನಿ ಅಂದವ್ರೆ."

ಪಕ್ಕದ ಮನೆಗಿದೆ, ಇವರಿಗಿಲ್ಲ. ಅಜ್ಜಿಯ ಕೈ ಜಾಡಿಸಿದೆ. ಎರಡೂ ಸೇರಿ ನನ್ನೊಳಗೆ ಒಂದಾಗುವಷ್ಟರಲ್ಲಿ ಆಕೆ ಓಣಿಯ ಕಡೆ ನಡೆದಾಗಿತ್ತು. "ನೋಡಿ ಮೇಡಂ, ಆ ವೈರ್ ಹಾಕಿದ್ಮೇಲೆ ಜುಮ್ ಅನ್ನೋದು ನಿಂತೇಹೋಯ್ತು, ಚೆನ್ನಾಗೈತೆ. ನೆನ್ನೆ ಅರ್ಧ ಒಗೆಯೋವಾಗ ಕರೆಂಟ್ ಹೋಯ್ತು, ಬಟ್ಟೆ ಒಳಗೇ ಅವೆ." ಮಳೆ ನೀರು ನಿಂತ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮುಚ್ಚಳ ತೆಗೆಯಲು ಕೈ ಚಾಚಿದಳು.

"ಮುಟ್ಬೇಡಿ!"

ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿದವಳಲ್ಲ. ಆಕೆ ಕೈ ಹಿಂದೆಳೆದುಕೊಂಡಳು. ಗಂಡ ಜಗಲಿಯಿಂದ ಎದ್ದು ಬಂದರು.

"ಕರೆಂಟೇ ಇಲ್ವಲ್ಲ ಮೇಡಂ. ಸ್ವಿಚ್ಚೂ ಆಫ್ ಮಾಡಿವ್ನಿ."

ನಾನು ಮೀಟರು ತೆಗೆದೆ. ಒಂದು ಕಡ್ಡಿಯನ್ನು ಹಸಿ ಮಣ್ಣಿಗೆ ಚುಚ್ಚಿದ ಸ್ಕ್ರೂಡ್ರೈವರಿಗೆ ತಾಗಿಸಿದೆ, ಇನ್ನೊಂದನ್ನು ಮಿಷನ್ನಿನ ಹಿಂಬದಿಯ ತಗಡಿಗೆ. ಅಂಕಿ ಇನ್ನೂರು ವೋಲ್ಟಿನ ಮೇಲೆ ಹೋಗಿ ನಿಂತಿತು. ಒಂದೂ ದೀಪ ಉರಿಯದ, ಒಂದೂ ಫ್ಯಾನು ತಿರುಗದ ಮನೆಯಲ್ಲಿ, ಸ್ವಿಚ್ ಆಫ್ ಮಾಡಿದ ಮಿಷನ್ನಿನ ಮೈಮೇಲೆ. ಹಿಂದಿನ ಸಂಜೆ ಕಿತ್ತುಹೋಗಿದ್ದು ನ್ಯೂಟ್ರಲ್. ಒಳಗೆ ಫ್ರಿಜ್ಜಿನ ಸ್ವಿಚ್ಚು, ಬಲ್ಬುಗಳ ಸ್ವಿಚ್ಚು ಆನ್ ಆಗಿಯೇ ಇದ್ದವು. ಅವುಗಳ ಮೂಲಕ ಬಂದ ಕರೆಂಟು ದಾರಿಗಾಣದೆ ಆ ತುಂಡು ವೈರು ಹಿಡಿದು ಇಲ್ಲಿಗೆ ಬಂದಿತ್ತು. ಜಗಲಿಯ ಕೆಳಗೆ ಅಜ್ಜಿಯ ರಬ್ಬರ್ ಚಪ್ಪಲಿ ಇದ್ದವು; ಬೆಳಿಗ್ಗೆ ಅವರು ಉಳಿದದ್ದು ಅವನ್ನು ಮೆಟ್ಟಿದ್ದರಿಂದಲೇ ಇರಬೇಕು.

ಗಂಡ ಮೀಟರಿನ ಅಂಕಿ ನೋಡಿದರು, ಆಕೆಯ ಒದ್ದೆ ಪಾದ ನೋಡಿದರು.

ನಾನು ಒಳಗೆ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಮತ್ತೆ ಬಂದು ಅಳೆದೆ. ಸೊನ್ನೆ. ಆಮೇಲೆ ಸಾಕೆಟ್ ಬಿಚ್ಚಿದೆ. ಹೆಬ್ಬೆರಳುದ್ದದ ಕರಿ ವೈರು, ಅಚ್ಚುಕಟ್ಟಾಗಿ, ಗಟ್ಟಿಯಾಗಿ ಬಿಗಿದಿತ್ತು. ಅದನ್ನು ಬಿಚ್ಚಿ ತೆಗೆದೆ.

ಅಜ್ಜಿಯನ್ನು ನಾಳೆಯವರೆಗೆ ಕಾಯಿಸಬೇಡಿ, ಶಾಕ್ ಹೊಡೆದಾಗ ಎದೆಯನ್ನೂ ಪರೀಕ್ಷೆ ಮಾಡಿಸಬೇಕು ಎಂದೆ. ಅಷ್ಟರಲ್ಲಿ ಆಕೆಯ ಯಜಮಾನರು ಬಂದರು. ವಿಷಯ ಕೇಳಿ, "ನಾನೇ ಹಾಕಿದ್ದು ಮೇಡಂ," ಎಂದು ತಲೆ ತಗ್ಗಿಸಿದರು. ಆಗಲೇ ಆಟೋ ತಂದು ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಲೈನ್‌ಮನ್ ಬರುವವರೆಗೆ ನಾವಿಬ್ಬರೂ ಆಕೆಯ ಜೊತೆ ಇದ್ದೆವು. ಮಾತಿನ ನಡುವೆ ನಾನು ಕೇಳಿಯೇಬಿಟ್ಟೆ.

"ಅಪಾಯ ಅಂತ ನಾನು ಅಷ್ಟು ಸಲ ಬರೆದಿದ್ದೆನಲ್ಲ. ಆದರೂ ಯಾಕೆ ಹಾಕಿದ್ರಿ?"

ಆಕೆ ಸೆರಗಿನ ತುದಿ ನೋಡುತ್ತ ಹೇಳಿದಳು. "ಅವ್ರು ನಾಕು ಮಾತಲ್ಲಿ ಹೇಳಿದ್ರು ಮೇಡಂ. ಸಾಕೆಟ್ ಬಿಚ್ಚಿ, ವೈರ್ ಹಾಕಿ ಅಂತ. ನೀವು ಬರ್ದಿದ್ದು ಉದ್ದ ಇತ್ತು. ಏನು ಮಾಡ್ಬಾರ್ದು ಅಂತಿತ್ತು. ಏನು ಮಾಡ್ಬೇಕು ಅಂತ ಇರ್ಲಿಲ್ಲ."

"ಎರಡು ಸಲ ಕೇಳ್ದೆ. ನೀವಿಬ್ರೂ ಕಚ್ಚಾಡ್ತಿದ್ರಿ. ದೊಡ್ಡೋರ ಮಧ್ಯ ನಾನೆಂಗೆ ಬರ್ಲಿ ಅಂತ ಸುಮ್ನಾದೆ," ಎಂದಳು.

ದೂರುವ ದನಿಯಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಲೈನ್‌ಮನ್ ಬಂದು ಕಂಬ ಹತ್ತಿದರು. ನ್ಯೂಟ್ರಲ್ ಜೋಡಣೆ ಗಾಳಿಗೆ ಕಿತ್ತುಬಂದಿದೆ ಎಂದು ಮೇಲಿನಿಂದಲೇ ಹೇಳಿದರು. ಸರಿಯಾದ ಅರ್ತಿಂಗ್ ಆಗುವವರೆಗೆ ಮಿಷನ್ ಬಳಸಬೇಡಿ, ಬರುವ ಶನಿವಾರ ನಾನೇ ನಿಂತು ಮಾಡಿಸುತ್ತೇನೆ ಎಂದು ಹೇಳಿ ಹೊರಟೆವು. ಆಸ್ಪತ್ರೆಯಿಂದ ಆಕೆಯ ಯಜಮಾನರು ನನ್ನ ನಂಬರಿಗೆ ಫೋನ್ ಮಾಡಿದ್ದರು. ಅಜ್ಜಿಯ ಎದೆಗೆ ಏನೂ ಆಗಿಲ್ಲ, ಒಂದು ದಿನ ಇಟ್ಟುಕೊಂಡು ನೋಡಿ ಕಳಿಸುತ್ತಾರಂತೆ.

ಈಗ ಹೇಳಬೇಕಾದ್ದು ನನಗೆ ಸುಲಭದ ಮಾತಲ್ಲ. ಮೀಟರಿನ ಅಂಕಿಯನ್ನು ನಾನು ಫೋಟೋ ತೆಗೆದುಕೊಂಡಿದ್ದೆ. ಕಪ್ಪು ವೈರಿನದ್ದೂ. ಸ್ಕೂಟರ್ ಹತ್ತುವ ಮೊದಲು ಗಿರಣಿಯ ಕಟ್ಟೆಯ ಮೇಲೆ ಕೂತು ಅವನ್ನು ಗ್ರೂಪಿಗೆ ಹಾಕಲು ಹೊರಟೆ. 'ಎಲ್ಲಿ ಕಿತ್ತುಹೋಗಿದೆ ತೋರಿಸಿ ಅಂದಿದ್ರಲ್ಲ, ನೋಡಿ' ಎಂದು ಬರೆದೂ ಆಗಿತ್ತು. ಹನ್ನೊಂದು ದಿನದ ವಾದ ಒಂದೇ ಏಟಿಗೆ ನನ್ನ ಕಡೆ ಬೀಳುತ್ತಿತ್ತು. ಆ ಮಾತು ಬರೆಯುವಾಗ ನನಗೆ ಖುಷಿಯಾಗಿತ್ತು. ಅಜ್ಜಿ ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದರು.

ಗಂಡ ಇಣುಕಿ ನೋಡಿ, "ಇದು ಯಾರಿಗೆ ಉತ್ತರ?" ಎಂದರು.

ಅಳಿಸಿಹಾಕಿದೆ. ಹಿರಿಯರ ನಂಬರು ಗ್ರೂಪಿನಲ್ಲೇ ಇತ್ತು. ಮೊದಲ ಸಲ ಅವರಿಗೆ ಫೋನ್ ಮಾಡಿದೆ. ನಾನಂದುಕೊಂಡದ್ದಕ್ಕಿಂತ ಮೆಲ್ಲಗಿನ, ವಯಸ್ಸಾದ ದನಿ. ನಡೆದದ್ದನ್ನು ಹೇಳಿದೆ.

"ಆ ತಾಯಿ ಹೇಗಿದಾರೆ?"

"ಪರವಾಗಿಲ್ಲ ಸರ್."

ಆಮೇಲೆ, "ನೋಡಮ್ಮ, ಅದು ಕಂಬದಲ್ಲಿ ಸರಿಯಾಗಿ ಕಟ್ಟದೇ ಇದ್ದೋರ ತಪ್ಪು. ನಾನು ಹೇಳಿದ ವೈರಿನ ತಪ್ಪಲ್ಲ. ನಮ್ಮನೇಲಿ ಮೂವತ್ತು ವರ್ಷದಿಂದ..." ಎಂದು ನಿಲ್ಲಿಸಿದರು.

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಹನ್ನೆರಡನೆಯ ಸಲ ಹೇಳಲು ತಯಾರಾಗಿತ್ತು. ನುಂಗಿಕೊಂಡೆ.

"ನಿಮ್ಮನೇಲಿ ಮಿಷನ್ನಿಗೆ ಬಟ್ಟೆ ಹಾಕೋರು ಯಾರು ಸರ್?"

"ನಮ್ಮನೆಯವರು."

"ಅವರಿಗೊಂದು ಮಾತು ಹೇಳಿ. ಕರೆಂಟ್ ಹೋದಾಗ ಮಿಷನ್ ಮುಟ್ಟಬೇಡಿ ಅಂತ. ಅಷ್ಟೇ."

"ಹೂಂ," ಎಂದರು. ನಾನೇ ಫೋನಿಟ್ಟೆ.

ಆ ಸಂಜೆ ಗ್ರೂಪಿನಲ್ಲಿ ಒಂದೇ ಒಂದು ಸಲ ಬರೆದೆ. ಯಾರ ಹೆಸರೂ ಎತ್ತಲಿಲ್ಲ, ಯಾರ ಮಾತನ್ನೂ ಖಂಡಿಸಲಿಲ್ಲ. ಮಿಷನ್ ಮುಟ್ಟಿದರೆ ಜುಮ್ ಎಂದರೆ ಅರ್ತಿಂಗ್ ಇಲ್ಲವೆಂದು ಅರ್ಥ. ಪ್ಲಗ್ ಕಿತ್ತು ಬಳಸುವುದು ನಿಲ್ಲಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತ್ ಗುಂಡಿ ತೆಗೆಸಿ. ಶಾಕ್ ಹೊಡೆದರೆ ತಾನಾಗಿ ಬೀಳುವ ಸ್ವಿಚ್ಚನ್ನು ಮೇನ್ ಹತ್ತಿರ ಹಾಕಿಸಿ. ಬೀದಿಯಲ್ಲೆಲ್ಲ ಇದ್ದು ನಿಮ್ಮ ಮನೆಗೊಂದೇ ಕರೆಂಟಿಲ್ಲದಿದ್ದರೆ ಏನನ್ನೂ ಮುಟ್ಟದೆ ಮೇನ್ ಇಳಿಸಿ. ಹತ್ತನೇ ದಿನ ಬರೆದದ್ದರ ಕಾಲುಭಾಗವೂ ಆಗಲಿಲ್ಲ. ಮೊದಲ ದಿನವೇ ಬಸ್ಸಿನಲ್ಲಿ ನಿಂತು ಬರೆಯಬಹುದಾಗಿತ್ತು.

ಹತ್ತು ನಿಮಿಷಕ್ಕೆ ಹಿರಿಯರು ಬರೆದರು: 'ಎಲ್ಲ ಸರಿ. ಆದ್ರೆ ನಾನು ಹೇಳಿದ್ದೂ ತಪ್ಪಲ್ಲ.' ಅಷ್ಟೆಲ್ಲ ಕೇಳಿದ ಮೇಲೂ. ನನ್ನ ಮೈ ಬಿಸಿಯೇರಿತು. ಸೋಮವಾರ ಕೆಲವರು ನನ್ನನ್ನು ಮತ್ತೆ ವಾದಕ್ಕೆ ಎಳೆದರು, 'ಮೇಡಂ ಯಾಕೆ ಸುಮ್ಮನಿದ್ದಾರೆ' ಎಂದು ಕೇಳಿದರು. ಮಂಗಳವಾರ ಬಸ್ಸಿನಲ್ಲಿ ಒಂದು ಉತ್ತರ ಬರೆದು ಅಳಿಸಿದೆ, ಇಳಿಯುವ ಮೊದಲು ಇನ್ನೊಂದು ಬರೆದು ಅಳಿಸಿದೆ. ವಾದ ಬಿಡುವುದು ಸಮಾಧಾನ ಕೊಡುತ್ತದೆಂದು ಯಾರೋ ಹೇಳುತ್ತಾರೆ. ನನಗೆ ಕೊಡಲಿಲ್ಲ. ಸೋತವಳೆಂದು ಅವರೆಲ್ಲ ಅಂದುಕೊಳ್ಳುತ್ತಾರೆ ಎಂಬುದು ಹಲ್ಲಿನ ಸಂದಿಯ ನಾರಿನ ಹಾಗೆ ಚುಚ್ಚುತ್ತಲೇ ಇತ್ತು.

ಶನಿವಾರ ಮಂಡಕಳ್ಳಿಯಲ್ಲಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಗುಂಡಿ ತೆಗೆಸಿದೆವು. ಪೈಪು ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬಿ, ತಂತಿಯನ್ನು ಸಾಕೆಟ್ಟಿನವರೆಗೆ ಎಳೆದಾಯಿತು. ಅಜ್ಜಿ ಜಗಲಿಯಿಂದಲೇ ನೋಡುತ್ತಿದ್ದರು. ಕೈಯ ಜೋಮು ಬಹಳಮಟ್ಟಿಗೆ ಇಳಿದಿತ್ತು. ಅಳೆದು ನೋಡಿ, ಈಗ ಮುಟ್ಟಬಹುದು ಎಂದೆ. ಸೊಸೆ ಮುಟ್ಟಿದಳು. ಅಜ್ಜಿ ಮಾತ್ರ, "ನಾನು ಮುಟ್ಟಕ್ಕಿಲ್ಲ ಕಣವ್ವ, ನೀ ಏನೇ ಹೇಳು," ಎಂದರು. ನಾನು ಒತ್ತಾಯ ಮಾಡಲಿಲ್ಲ.

ಗ್ರೂಪಿನಲ್ಲಿ ವಾದ ನಿಲ್ಲಲಿಲ್ಲ. ಯಾರೋ ಹೊಸ ಇಂಜಿನಿಯರ್ ಒಬ್ಬರು ನನ್ನ ಜಾಗಕ್ಕೆ ಬಂದಿದ್ದರು. ಅವೇ ನಿಯಮ, ಅವೇ ಚಿತ್ರ, ಹೆಚ್ಚುಕಡಿಮೆ ನನ್ನವೇ ವಾಕ್ಯಗಳು. ಹಿರಿಯರ ಕಡೆಯಿಂದ ಅದೇ ಮೂವತ್ತು ವರ್ಷ. ಒಂದು ವಾರ ನೋಡಿ, ಆ ಇಂಜಿನಿಯರಿಗೆ ಬೇರೆಯಾಗಿ ಬರೆದೆ: 'ಬಿಟ್ಟುಬಿಡಿ. ಪ್ರಶ್ನೆ ಕೇಳಿದವರ ಮನೆ ಸರಿಹೋಗಿದೆ.'

ತಕ್ಷಣ ಉತ್ತರ ಬಂತು. 'ಅದು ಸರಿ ಮೇಡಂ. ಆದ್ರೆ ಅವರು ತಪ್ಪು ಹೇಳ್ತಾ ಇದ್ದಾರಲ್ಲ?'

ನಾನು ಮೊದಲ ಪಾಳಿಗೆ ಹೋಗುವ ಬಸ್ಸಿನಲ್ಲಿದ್ದೆ. ಅದನ್ನು ಎರಡು ಸಲ ಓದಿದೆ. ಆ ಇಂಜಿನಿಯರ್ ಹೇಳಿದ್ದು ನಿಜವೇ ಆಗಿತ್ತು. ಹೆಬ್ಬಾಳ ಬಂತು, ಫೋನನ್ನು ಚೀಲಕ್ಕೆ ಹಾಕಿ ಇಳಿದುಕೊಂಡೆ.